ಬಿರುಕು ಗೋಡೆಯಲ್ಲಿ, ದೋಷ ನೆಲದಲ್ಲಿ: ಮನೆಯ ಪಾಯ ಪರೀಕ್ಷಿಸುವ ಕೈಪಿಡಿ

ಗೋಡೆಯಲ್ಲಿ ಬಿರುಕು ಕಂಡ ದಿನ ಬಹುತೇಕ ಮನೆಗಳಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಸಿಮೆಂಟು ಕಲಸಿ ಬಿರುಕನ್ನು ಮುಚ್ಚಿ ಮೇಲೆ ಬಣ್ಣ ಬಳಿಯುತ್ತಾರೆ, ಇಲ್ಲವೇ ಪಾಯವೇ ಹೋಯಿತೆಂದು ಹೆದರಿ, ಸಿಕ್ಕವರ ಮಾತು ಕೇಳಿ, ದೊಡ್ಡ ಖರ್ಚಿಗೆ ಕೈಹಾಕುತ್ತಾರೆ. ಬಿರುಕನ್ನು ಅವಸರದಲ್ಲಿ ಮುಚ್ಚಿದರೆ ದೋಷದ ಗುರುತೇ ಅಳಿಸಿಹೋಗುತ್ತದೆ. ಅವಸರದಲ್ಲಿ ಅಗೆದರೆ ಗಟ್ಟಿಯಿದ್ದ ಪಾಯವೂ ಸಡಿಲಗೊಳ್ಳುತ್ತದೆ. ಮನೆ ಕಟ್ಟುವ ಕೆಲಸದಲ್ಲಿ ಮತ್ತು ಹಳೆಯ ಮನೆಗಳ ದುರಸ್ತಿಯಲ್ಲಿ ನಾನು ಕಂಡ ಮಟ್ಟಿಗೆ, ಪಾಯದ ದೋಷವೆಂದು ಕರೆಯುವುದರಲ್ಲಿ ಹೆಚ್ಚಿನದು ಪಾಯದ ಕೆಳಗಿನ ಮಣ್ಣಿನದು, ಮಣ್ಣಿನ ದೋಷದಲ್ಲಿ ಹೆಚ್ಚಿನದು ನೀರಿನದು. ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಮೊದಲು ನೋಡುವುದು, ಅಳೆಯುವುದು ಮತ್ತು ನೀರಿನ ದಾರಿ ಹುಡುಕುವುದು. ಗುದ್ದಲಿ ಹಿಡಿಯುವುದು ಕೊನೆಗೆ.

ಇಲ್ಲಿ ಹೇಳಿರುವುದು ಕಲ್ಲು ಅಥವಾ ಇಟ್ಟಿಗೆಯ ಪಾಯದ ಮೇಲೆ ನಿಂತ ಒಂದು, ಎರಡು ಅಂತಸ್ತಿನ ಮನೆಗಳಿಗೆ ಹೊಂದುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಬಿರುಕು ಕಂಡರೆ ಮನೆಯವರು ತಾವೇ ಪರೀಕ್ಷೆಗೆ ಇಳಿಯದೆ ನೇರವಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಯಬೇಕು.

ಪರೀಕ್ಷೆ ಬಿಟ್ಟು ಹೊರಗೆ ಬರಬೇಕಾದ ಲಕ್ಷಣಗಳು

ಕೆಲವು ಲಕ್ಷಣಗಳಿಗೆ ಮನೆಮಟ್ಟದ ಪರೀಕ್ಷೆಯ ಅಗತ್ಯವೂ ಇಲ್ಲ, ಅದಕ್ಕೆ ಸಮಯವೂ ಇಲ್ಲ. ನಿನ್ನೆ ಬೆರಳು ಹೋಗದ ಬಿರುಕಿನಲ್ಲಿ ಇಂದು ಬೆರಳು ಹೋಗುತ್ತಿದ್ದರೆ, ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಹೊರಕ್ಕೆ ಬಾಗಿದ್ದರೆ, ಗೋಡೆಯೊಳಗಿಂದ ಲಟಲಟ ಸದ್ದು ಬರುತ್ತಿದ್ದರೆ, ಕಂಬದ ಕಾಂಕ್ರೀಟು ಸಿಡಿದು ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಅಥವಾ ಚಾವಣಿ ಗೋಡೆಯಿಂದ ಜರುಗಿ ಸಂದಿಯಲ್ಲಿ ಬೆಳಕು ಕಾಣುತ್ತಿದ್ದರೆ ಮಕ್ಕಳು, ಹಿರಿಯರ ಸಮೇತ ಎಲ್ಲರೂ ಹೊರಗೆ ಬರಬೇಕು. ಬರುವಾಗ ವಿದ್ಯುತ್ತಿನ ಮೇನ್ ಸ್ವಿಚ್ಚನ್ನೂ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನೂ ಆಫ್ ಮಾಡಬೇಕು; ಆದರೆ ಅವು ಇರುವುದು ಬಿರಿದ ಗೋಡೆಯ ಬುಡದಲ್ಲೇ ಆದರೆ ಅದಕ್ಕಾಗಿ ಒಳಗೆ ನಿಲ್ಲಬಾರದು. ಸಾಮಾನು ತರಲು ಮತ್ತೆ ಒಳಗೆ ಹೋಗಬಾರದು.

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಗುಡ್ಡ ಕಡಿದು ಮಾಡಿದ ತಟ್ಟಿನ ಮೇಲೆ ಮನೆ ಕಟ್ಟಿದವರು ಗೋಡೆಗಿಂತ ಮೊದಲು ಹಿಂದಿನ ಬರೆಯನ್ನು, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮೈಯನ್ನು ನೋಡಬೇಕು. ಬರೆಯ ಮೇಲಿನ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ನೆಟ್ಟಗಿದ್ದ ಮರಗಳು ಓಲುವುದು, ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು, ಇವು ಪಾಯದ ದೋಷದ ಗುರುತುಗಳಲ್ಲ. ಇಡೀ ಗುಡ್ಡವೇ ಜಾರಲು ಸಿದ್ಧವಾಗಿದೆ ಎಂಬುದರ ಸೂಚನೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಗಟ್ಟಿ ಪಾಯದ ಮನೆಗಳೂ ಮಣ್ಣಿನೊಂದಿಗೇ ಹೋದವು. ಇಂಥ ಗುರುತು ಕಂಡಾಗ ಮಳೆ ನಿಲ್ಲಲೆಂದು ಕಾಯದೆ ಮನೆ ಬಿಡಬೇಕು.

ಬಿರುಕು ಕಂಡಿದೆ, ಬೆಳೆಯುತ್ತಿದೆಯೇ ಎಂಬುದು ತಿಳಿಯದು

ಎಲ್ಲಕ್ಕಿಂತ ಅಗ್ಗವಾದ ಮತ್ತು ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆ ಇದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಅಗಲವನ್ನು ಅಳೆಯಲು ವಿಶೇಷ ಸಲಕರಣೆ ಬೇಕಾಗಿಲ್ಲ. ಎಟಿಎಂ ಕಾರ್ಡಿನ ದಪ್ಪ ಸುಮಾರು ಮುಕ್ಕಾಲು ಮಿ.ಮೀ., ಬೆಂಕಿಕಡ್ಡಿಯದು ಸುಮಾರು 2 ಮಿ.ಮೀ., ಮಾಮೂಲಿ ಪೆನ್ಸಿಲಿನದು ಸುಮಾರು 7 ಮಿ.ಮೀ. ಕಾರ್ಡಿನ ಅಂಚೂ ತೂರದಿದ್ದರೆ ಅದು ಕೂದಲೆಳೆಯ ಬಿರುಕು. ಗಿಲಾವು (ಪ್ಲಾಸ್ಟರ್) ಒಣಗುವಾಗ ಬಂದದ್ದಿರಬಹುದು, ಮುಂದಿನ ಸಲ ಬಣ್ಣ ಹೊಡೆಸುವಾಗ ನೋಡಿಕೊಂಡರಾಯಿತು. ಬೆಂಕಿಕಡ್ಡಿ ಹೋಗುವಂತಿದ್ದರೆ ಇನ್ನು ಮುಂದೆ ಲೆಕ್ಕ ಇಡಬೇಕು. 5 ಮಿ.ಮೀ. ದಾಟಿದ ಬಿರುಕನ್ನು ಎಂಜಿನಿಯರ್ ಒಮ್ಮೆ ನೋಡಲೇಬೇಕು, ಮತ್ತು 15 ಮಿ.ಮೀ. ದಾಟಿದರೆ ಗೋಡೆಯ ಆ ಭಾಗವನ್ನು ಒಡೆದು ಕಟ್ಟುವ ಮಾತು ಬರುತ್ತದೆ.

ಬೆಳವಣಿಗೆ ತಿಳಿಯಲು ನಮ್ಮ ಕಡೆಯ ಗೌಂಡಿಗಳು ಗಾಜಿನ ಪಟ್ಟಿ ಅಂಟಿಸುವ ರೂಢಿಯಿದೆ, ಇದರಷ್ಟು ಸರಳವಾದ ಉಪಾಯ ಬೇರೆ ಇಲ್ಲ. ಬೆರಳಗಲದ, ಗೇಣಿಗಿಂತ ಕಡಿಮೆ ಉದ್ದದ ತೆಳುಗಾಜನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಮಾತ್ರ ಸಿಮೆಂಟಿನ ಗುಪ್ಪೆ ಹಾಕಬೇಕು. ಅದಕ್ಕೂ ಮೊದಲು ಆ ಎರಡು ಕಡೆ ಬಣ್ಣವನ್ನೂ ಸಡಿಲು ಗಿಲಾವನ್ನೂ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗೋಡೆ ಸರಿದರೂ ಗುಪ್ಪೆ ಬಣ್ಣದೊಡನೆ ಕಿತ್ತುಬಂದು ಗಾಜು ಹಾಗೇ ಉಳಿಯುತ್ತದೆ, ನಾವು ಏನೂ ಆಗಿಲ್ಲವೆಂದು ಮೋಸಹೋಗುತ್ತೇವೆ. ಗಾಜು ಹಿಗ್ಗಲಾರದು, ಬಾಗಲಾರದು. ಗೋಡೆ ಕೂದಲೆಳೆಯಷ್ಟು ಸರಿದರೂ ನಡುವೆ ಟಕ್ ಎಂದು ಸೀಳುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಗಾಜು ಇಡಿಯಾಗಿದ್ದರೆ ಬಿರುಕು ಹಳೆಯದು, ಅದಕ್ಕೆ ಕಾರಣವಾದ ಚಲನೆ ನಿಂತಿದೆ. ಅಂಥದ್ದನ್ನು ಧೈರ್ಯವಾಗಿ ಮುಚ್ಚಬಹುದು. ಹೊಸ ಮನೆ ಕಟ್ಟಿದ ಮೊದಲ ಒಂದೆರಡು ವರ್ಷ ಮಣ್ಣು ಭಾರಕ್ಕೆ ಒಗ್ಗಿಕೊಂಡು ತುಸು ಕೂರುವುದು ಸಹಜ. ಮನೆ ಎಲ್ಲ ಕಡೆ ಒಂದೇ ಸಮ ಕೂತರೆ ಗೋಡೆಗೆ ಏನೂ ಆಗುವುದಿಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೂತಾಗ ಮಾತ್ರ ಗೋಡೆ ಸೀಳುತ್ತದೆ.

ಗಾಜು ಒಡೆದರೆ ಒಡೆದ ತಾರೀಖು ಬರೆದು ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಿ. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಮಾತ್ರ ಗಾಜು ಬೇಡ, ಅಲ್ಲಿ ಪೆನ್ಸಿಲ್ ಗುರುತೇ ಸಾಕು.

ಬಿರುಕು ಯಾವ ಕಡೆಗೆ ಓಡುತ್ತಿದೆ

ಎಲ್ಲ ಬಿರುಕೂ ಪಾಯದಿಂದ ಬರುವುದಿಲ್ಲ. ಚಾವಣಿಯ ಸ್ಲ್ಯಾಬಿನ ಸರಿಯಾಗಿ ಕೆಳಗೆ, ಗೋಡೆಯ ಉದ್ದಕ್ಕೂ ಮಲಗಿದಂತೆ ಓಡುವ ಬಿರುಕು ಬಿಸಿಲಿನದು. ಹಗಲು ಕಾದ ಸ್ಲ್ಯಾಬು ಹಿಗ್ಗಿ, ರಾತ್ರಿ ತಣಿದು ಕುಗ್ಗಿ, ಕೆಳಗಿನ ಇಟ್ಟಿಗೆಯ ವರಸೆಯನ್ನು ತಿಕ್ಕುತ್ತದೆ. ಇದಕ್ಕೆ ಮದ್ದು ತಾರಸಿಯ ಮೇಲೆ ಬಿಳಿ ಸುಣ್ಣ ಅಥವಾ ಬಿಸಿ ತಡೆಯುವ ಬಣ್ಣ, ಪಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ನೆಟ್ಟಗೆ, ಗೆರೆ ಹೊಡೆದಂತೆ ಇರುವ ಬಿರುಕು ಎರಡು ಬೇರೆ ಬೇರೆ ವಸ್ತುಗಳು ಬೇರೆ ಬೇರೆಯಾಗಿ ಕುಗ್ಗಿದ್ದರಿಂದ ಬಂದದ್ದು. ಅಲ್ಲಿ ಗಿಲಾವು ತೆಗೆದು ಕೋಳಿಬಲೆಯಂಥ ಮೆಶ್ ಹೊಡೆದು ಮತ್ತೆ ಗಿಲಾವು ಮಾಡಿದರೆ ಸಾಕು. ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಗಿಲಾವಿಗೆ ಸರಿಯಾಗಿ ನೀರು ಉಣಿಸದ್ದರ ಫಲ.

ಪಾಯದ ಕಡೆಗೆ ಬೊಟ್ಟುಮಾಡುವ ಬಿರುಕಿಗೆ ಮೂರು ಗುಣಗಳಿರುತ್ತವೆ. ಅದು ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಮತ್ತು ಅದರ ಅಗಲ ಮೇಲೊಂದು, ಕೆಳಗೊಂದು ಇರುತ್ತದೆ. ಮೂರೂ ಕೂಡಿಬಂದರೆ ದಿಕ್ಕನ್ನು ಓದಬಹುದು. ಬಿರುಕು ಕೆಳಗಿನಿಂದ ಮೇಲಕ್ಕೇರುತ್ತ ಯಾವ ಕಡೆಗೆ ವಾಲುತ್ತದೆಯೋ ಸಾಮಾನ್ಯವಾಗಿ ಆ ಕಡೆಯ ನೆಲ ಇಳಿದಿರುತ್ತದೆ, ಏಕೆಂದರೆ ಬಿರುಕಿನ ಅಡಿಯಲ್ಲಿರುವ ಗೋಡೆಯ ತುಂಡೇ ಕೆಳಗೆ ಜಾರಿರುತ್ತದೆ. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾದರೆ ಮನೆಯ ತುದಿ ಅಥವಾ ಮೂಲೆ ಇಳಿದಿದೆ. ಕೆಳಗೆ ಅಗಲವಾಗಿ ಮೇಲೆ ಕಿರಿದಾದರೆ ಗೋಡೆಯ ನಡುಭಾಗ ಕೂತಿದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಹೊರಡುವ ಸಣ್ಣ ಓರೆಬಿರುಕು ಮಾತ್ರ ಎರಡೂ ಕಡೆ ಸೇರಬಹುದಾದದ್ದು. ಗೋಡೆ ಅಲ್ಲಿ ಮೊದಲೇ ದುರ್ಬಲವಾದ್ದರಿಂದ ಗಿಲಾವಿನ ಕುಗ್ಗುವಿಕೆಗೂ ಅಲ್ಲೇ ಒಡೆಯುತ್ತದೆ, ಪಾಯ ಸರಿದರೂ ಅಲ್ಲೇ ಒಡೆಯುತ್ತದೆ. ಅಂಥಲ್ಲಿ ಗಾಜಿನ ಪಟ್ಟಿಯೇ ತೀರ್ಪು ಕೊಡಬೇಕು.

ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು

ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ರಾಯಚೂರು, ಕಲಬುರಗಿ ಜಿಲ್ಲೆಗಳ ಎರೆ, ಅಂದರೆ ಕಪ್ಪು ಜೇಡಿ ನೆಲದವರಿಗೆ ಈ ಬಿರುಕು ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದ ಎರೆ ಕೈ ಇಳಿಸುವಷ್ಟು ಬಾಯಿ ಬಿಡುವ ಹೊತ್ತಿಗೇ ಮನೆಯ ಗೋಡೆಯೂ ಬಾಯಿ ಬಿಡುತ್ತದೆ. ನಾಲ್ಕು ಹದ ಮಳೆ ಬಿದ್ದ ಮೇಲೆ ಎರಡೂ ಮುಚ್ಚಿಕೊಳ್ಳುತ್ತವೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೋನೈಟ್ ಎಂಬ ಜೇಡಿ ಖನಿಜ ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಹಿಗ್ಗುತ್ತದೆ, ನೀರು ಬಿಟ್ಟಾಗ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ತಾಗದು, ಮಳೆಯೂ ತಾಗದು, ಆದ್ದರಿಂದ ಅಲ್ಲಿ ತೇವ ಹೆಚ್ಚು ಕಡಿಮೆ ಒಂದೇ ಸಮ ಉಳಿಯುತ್ತದೆ. ಹೊರಗೋಡೆಯ ಅಂಚಿನ ಮಣ್ಣು ಮಾತ್ರ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಬೇಸಿಗೆಯಲ್ಲಿ ಅಂಚು ಕುಗ್ಗಿ ಹೊರಗೋಡೆ ಇಳಿಯುತ್ತದೆ, ಅದಕ್ಕೇ ಬಿರುಕು ಮೇಲ್ಗಡೆ ಹೆಚ್ಚು ತೆರೆದಿರುತ್ತದೆ. ಋತುಮಾನದ ಈ ಚಲನೆ ನಮ್ಮ ಎರೆಯಲ್ಲಿ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಹೋಗುತ್ತದೆ. ಹೀಗಾಗಿ ಮೂರು ನಾಲ್ಕು ಅಡಿ ಆಳದ ಕಲ್ಲಿನ ಪಾಯ, ಅದೆಷ್ಟೇ ಅಚ್ಚುಕಟ್ಟಾಗಿ ಕಟ್ಟಿದ್ದರೂ, ಅಲುಗಾಡುವ ಪದರದೊಳಗೇ ನಿಂತಿರುತ್ತದೆ.

ಮಣ್ಣಿನ ಗುಣವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯ ಸರಳ ರೂಪ ಇದು. ಪಾಯದ ಮಟ್ಟದಿಂದ ತೆಗೆದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ಹಿಟ್ಟಿನ ಜರಡಿಯಲ್ಲಿ ಸೋಸಿ, ಒಂದೇ ಅಳತೆಯ ಎರಡು ಉದ್ದನೆಯ ಗಾಜಿನ ಲೋಟಗಳಿಗೆ ಎರಡೆರಡು ಚಮಚೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಗುಳ್ಳೆ ಹೋಗಿಸಿ, ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲ. ನೀರಿನ ಲೋಟದ ಮಣ್ಣು ಸೀಮೆಎಣ್ಣೆಯ ಲೋಟದ್ದಕ್ಕಿಂತ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ಎತ್ತರ ಕಂಡರೆ ಅದು ಬಹಳ ಹಿಗ್ಗುವ ಮಣ್ಣು. ಈ ಪರೀಕ್ಷೆಯನ್ನು ಒಲೆ, ದೀಪದಿಂದ ದೂರ, ಹೊರಗಟ್ಟೆಯ ಮೇಲೆ ಮಾಡಬೇಕು. ಆಮೇಲೆ ಆ ಲೋಟಗಳನ್ನು ಅಡುಗೆಮನೆಗೆ ಒಯ್ಯಬಾರದು.

ಇಂಥ ಬಿರುಕಿಗೆ ಬೇಸಿಗೆಯಲ್ಲಿ ಗಟ್ಟಿ ಸಿಮೆಂಟು ತುಂಬುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಮಳೆಗಾಲದಲ್ಲಿ ಗೋಡೆ ತನ್ನ ಜಾಗಕ್ಕೆ ಮರಳಲು ಬರುತ್ತದೆ, ನಡುವೆ ಬೆಣೆಯಂತೆ ನಿಂತ ಸಿಮೆಂಟು ಅದನ್ನು ತಡೆಯುತ್ತದೆ, ಗೋಡೆ ಇನ್ನೊಂದು ಕಡೆ ಸೀಳುತ್ತದೆ. ಮಾಡಬೇಕಾದದ್ದು ಪಾಯದ ಸುತ್ತಲಿನ ತೇವವನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ಉಳಿಸುವ ಏರ್ಪಾಡು. ಮನೆಯ ಸುತ್ತ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಫರ್ಸಿ ಅಥವಾ ಕಾಂಕ್ರೀಟ್ ಹಾಸಿ, ಗೋಡೆಯಿಂದ ಹೊರಕ್ಕೆ ಮೀಟರಿಗೆ ಎರಡೂವರೆಯಿಂದ ಐದು ಸೆಂ.ಮೀ. ಇಳಿಜಾರು ಕೊಟ್ಟು, ಗೋಡೆ ಮತ್ತು ಹಾಸು ಕೂಡುವ ಸಂದನ್ನು ಡಾಂಬರು ಅಥವಾ ಸೀಲೆಂಟಿನಿಂದ ಮುಚ್ಚಬೇಕು. ತಾರಸಿಯ ನೀರು ಗೋಡೆಯ ಬುಡಕ್ಕೆ ಬೀಳದೆ ಪೈಪಿನಲ್ಲಿ ದೂರ ಹೋಗಬೇಕು. ಒಂದೇ ಗೋಡೆಯ ಪಕ್ಕ ಹೂದೋಟ ಮಾಡಿ ದಿನಾ ನೀರು ಹನಿಸಿದರೆ ಆ ಒಂದು ಗೋಡೆ ಮಾತ್ರ ಮೇಲೇಳುತ್ತದೆ, ಅದನ್ನು ದೂರಕ್ಕೆ ಸರಿಸಬೇಕು. ಇಷ್ಟು ಮಾಡಿ ಒಂದು ವರ್ಷ ಕಳೆದ ಮೇಲೆ ಉಳಿದ ಬಿರುಕಿಗೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಬಹುದು.

ಎರೆಯಲ್ಲಿ ಹೊಸದಾಗಿ ಕಟ್ಟುವವರಿಗೆ ಒಂದು ಮಾತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಇಂಥ ಮಣ್ಣಿಗೆಂದೇ ಅಂಡರ್‌ರೀಮ್ಡ್ ಪೈಲ್ ಎಂಬ ವಿಧಾನವನ್ನು ಬೆಳೆಸಿತು. ಅಲುಗಾಡುವ ಪದರದ ಆಳಕ್ಕೆ ಕೊಳವೆಯಂತೆ ಕೊರೆದು, ತಳದಲ್ಲಿ ಗಡ್ಡೆಯಂತೆ ಅಗಲಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಹಿಗ್ಗಿದರೂ ಆ ಗಡ್ಡೆ ಕಂಬವನ್ನು ಮೇಲೇಳಗೊಡದು. ಹಿಂದಿನವರಿಗೂ ಈ ತಿಳಿವಳಿಕೆ ಇತ್ತು. ವಿಜಯಪುರದ ಗೋಲಗುಮ್ಮಟದ ಅಷ್ಟು ದೊಡ್ಡ ಭಾರವನ್ನು ಅವರು ಮಣ್ಣಿನ ಮೇಲೆ ಹೊರಿಸಲಿಲ್ಲ, ಬಂಡೆಯ ಮೇಲೆ ಹೊರಿಸಿದರು.

ಒಂದೇ ಮೂಲೆ ಇಳಿಯುತ್ತಿದೆ

ಮನೆಯ ಉಳಿದೆಲ್ಲ ಕಡೆ ಸರಿಯಿದ್ದು ಒಂದು ಮೂಲೆ ಮಾತ್ರ ಕೂರುತ್ತಿದ್ದರೆ ಆ ಮೂಲೆಯ ಹತ್ತಿರ ನೀರು ಏನು ಮಾಡುತ್ತಿದೆ ಎಂದು ಮೊದಲು ಹುಡುಕಬೇಕು. ಧಾರವಾಡದ ಇಳಿಜಾರು ಓಣಿಯೊಂದರಲ್ಲಿ ನಮ್ಮ ಮನೆಯಿತ್ತು. ಮೇಲ್ಗಡೆ ಕಡಿದ ಮಣ್ಣನ್ನು ಕೆಳಗಡೆ ತುಂಬಿ ಮಟ್ಟ ಮಾಡಿ ಕಟ್ಟಿದ್ದರು. ಬಚ್ಚಲಮನೆಯ ಮೂಲೆಯಲ್ಲಿ ಬಂದ ಬಿರುಕನ್ನು ನಾವು ಮೂರು ಸಲ ಮುಚ್ಚಿಸಿದೆವು, ಮೂರು ಸಲವೂ ಅದು ಮೊದಲಿಗಿಂತ ಅಗಲವಾಗಿ ಮರಳಿತು. ನಾಲ್ಕನೆಯ ಸಲ ಬಂದ ವಯಸ್ಸಾದ ಗೌಂಡಿ ಕರಣೆ ಹೊರಗೆ ತೆಗೆಯಲೇ ಇಲ್ಲ. "ತಮ್ಮಾ, ಗ್ವಾಡಿ ಆಮ್ಯಾಲ ನೋಡೂಣು, ಮದ್ಲ ನೀರು ಎಲ್ಲಿ ಹೊಂಟೈತಿ ನೋಡು" ಎಂದರು. ಬಚ್ಚಲಿನಿಂದ ಹೊರಗಿನ ಚೇಂಬರಿಗೆ ಹೋಗುವ ಪೈಪಿನ ಜೋಡಣೆ ಗೋಡೆಯ ಬುಡದಲ್ಲೇ ಬಿಟ್ಟುಹೋಗಿತ್ತು. ಒಂದೂವರೆ ಅಡಿ ಅಗೆದಾಗ ಮಣ್ಣು ಅಂಬಲಿಯಂತೆ ಸಲಿಕೆಯಿಂದ ಜಾರಿತು, ಅದರಲ್ಲಿ ಸಾಬೂನಿನ ವಾಸನೆ ಇನ್ನೂ ಇತ್ತು. ಮನೆಯ ಎಲ್ಲರ ಸ್ನಾನದ ನೀರು ವರ್ಷಗಟ್ಟಲೆ ಪಾಯದ ಅಡಿಯ ಮಣ್ಣನ್ನು ತೊಳೆದು ಒಯ್ಯುತ್ತಿತ್ತು. ಪೈಪ್ ಬದಲಾಯಿಸಿದ ಮೇಲೆ ಬಂದ ಮಳೆಗಾಲದಲ್ಲಿ ಗಾಜಿನ ಪಟ್ಟಿ ಒಡೆಯಲಿಲ್ಲ.

ಈ ಹುಡುಕಾಟಕ್ಕೆ ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ. ಬರುವ ನೀರಿನ ಕೊಳವೆಗೆ: ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಮೀಟರಿನ ಅಂಕಿ ಬರೆದಿಡಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ನಲ್ಲಿ ಬಾರದ ದಿನ ಸಂಪಿನ ನೀರಿನ ಮಟ್ಟಕ್ಕೂ ಹೀಗೇ ಗುರುತು ಹಾಕಬಹುದು, ಏಕೆಂದರೆ ಸೋರುವ ಸಂಪು ಸೋರುವ ಪೈಪಿಗಿಂತ ಅಪಾಯಕಾರಿ. ಹೋಗುವ ನೀರಿನ ಕೊಳವೆಗೆ: ಹೊರಗಿನ ಚೇಂಬರಿನಲ್ಲಿ ಪೈಪಿನ ಬಾಯಿಗೆ ಬಟ್ಟೆಯುಂಡೆ ಗಟ್ಟಿಯಾಗಿ ತುರುಕಿ, ಒಳಗಿನ ಜಾಲರಿಯವರೆಗೆ ನೀರು ತುಂಬಿಸಿ, ಒಂದು ತಾಸು ಬಿಟ್ಟು ನೋಡಿ. ಮಟ್ಟ ಇಳಿದರೆ ನಡುವೆ ಎಲ್ಲೋ ಸೋರಿಕೆಯಿದೆ. ಚೇಂಬರ್ ಅಥವಾ ಸಂಪಿನೊಳಗೆ ಇಳಿಯಬಾರದು, ಅಲ್ಲಿನ ಗಾಳಿ ಜೀವಕ್ಕೆ ಅಪಾಯ. ಮೇಲಿನಿಂದ ಕೋಲಿನಿಂದಲೇ ಈ ಕೆಲಸ ಆಗಬೇಕು.

ನೀರಿನದು ಸರಿಯಿದ್ದರೆ ಮುಂದೆ ಮರವನ್ನು ನೋಡಬೇಕು. ಜೇಡಿ ನೆಲದಲ್ಲಿ ದೊಡ್ಡ ಮರವೊಂದು ತನ್ನ ಎತ್ತರದಷ್ಟು ದೂರದವರೆಗೂ ಮಣ್ಣಿನ ತೇವ ಹೀರಬಲ್ಲದು. ಹಾಗೆಂದು ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಮೇಲೇಳುತ್ತದೆ, ಆದ್ದರಿಂದ ತಿಳಿದವರನ್ನು ಕೇಳಿಯೇ ಕೊಡಲಿ ಎತ್ತಬೇಕು. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳ ಮಾತು ಬೇರೆ. ಅವನ್ನು ಎರಡೆಲೆ ಇರುವಾಗಲೇ ಬೇರುಸಹಿತ ಕೀಳಬೇಕು.

ಇವೆಲ್ಲ ಸರಿಯಿದ್ದೂ ಮೂಲೆ ಇಳಿಯುತ್ತಲೇ ಇದ್ದರೆ ಮಣ್ಣು ತುಂಬಿದ ಜಾಗದ ಮೇಲೆ, ಹಳೆಯ ಬಾವಿಯ ಮೇಲೆ ಅಥವಾ ಮುಚ್ಚಿದ ಕೆರೆಯಂಗಳದ ಮೇಲೆ ಆ ಮೂಲೆ ನಿಂತಿರಬಹುದು. ಓಣಿಯ ಹಿರಿಯರನ್ನು ಕೇಳಿದರೆ ಅಲ್ಲಿ ಮೊದಲು ಏನಿತ್ತೆಂಬುದು ಎಷ್ಟೋ ಸಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಇನ್ನು ಮುಂದಿನದು ಎಂಜಿನಿಯರ್ ಕೆಲಸ. ಪಾಯದ ಕೆಳಗೆ ಹೊಸ ಆಧಾರ ಕಟ್ಟುವಾಗ ಒಂದೊಂದು ಸಲಕ್ಕೆ ಒಂದು ಒಂದೂವರೆ ಮೀಟರ್ ಉದ್ದವನ್ನು ಮಾತ್ರ, ಅದೂ ಒಂದು ಬಿಟ್ಟು ಒಂದರಂತೆ ಬಿಚ್ಚಬೇಕು. ಗೋಡೆಯ ಉದ್ದಕ್ಕೂ ಒಮ್ಮೆಲೇ ಕಾಲುವೆ ತೋಡಲು ಹೊರಟವರನ್ನು ಅಲ್ಲಿಯೇ ನಿಲ್ಲಿಸಿ, ಹಾಗೆ ಬಿಚ್ಚಿದ ಗೋಡೆ ಕೆಲಸಗಾರರ ಮೇಲೆಯೇ ಬೀಳಬಹುದು.

ಬಾಗಿಲು ಹಿಡಿಯುತ್ತಿದೆ, ಕಿಟಕಿ ಮುಚ್ಚುತ್ತಿಲ್ಲ

ಮಳೆಗಾಲದಲ್ಲಿ ಮಾತ್ರ ಹಿಡಿಯುವ ಕಟ್ಟಿಗೆಯ ಬಾಗಿಲು ತೇವಕ್ಕೆ ಉಬ್ಬಿರುತ್ತದೆ. ಒಣ ದಿನಗಳಲ್ಲಿಯೂ ಹಿಡಿಯುತ್ತಿದ್ದರೆ ಚೌಕಟ್ಟನ್ನು ಅಳೆಯಿರಿ: ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಒಮ್ಮೆ, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಇನ್ನೊಮ್ಮೆ ದಾರ ಹಿಡಿದರೆ ಎರಡೂ ಸಮನಾಗಿರಬೇಕು. ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾಗಿದ್ದರೆ ಚೌಕಟ್ಟು ಓರೆಯಾಗಿದೆ, ಅಂದರೆ ಅದನ್ನು ಹಿಡಿದ ಗೋಡೆ ಸರಿದಿದೆ. ಬಡಗಿಯನ್ನು ಕರೆದು ಬಾಗಿಲು ಹೆರೆಸುವ ಮೊದಲು ಈ ಅಳತೆ ಆಗಬೇಕು.

ನೆಲ ಕುಸಿದಿದೆ ಅಥವಾ ಉಬ್ಬಿದೆ

ನೆಲದ ದೋಷವನ್ನು ಪಾಯದ ದೋಷವೆಂದು ತಿಳಿಯುವುದು ಬಹಳ ಸಾಮಾನ್ಯ. ಗೋಡೆ ನಿಂತಿರುವುದು ಪಾಯದ ಮೇಲೆ, ನೆಲ ನಿಂತಿರುವುದು ಪಾಯದ ನಡುವೆ ತುಂಬಿದ ಮಣ್ಣಿನ ಮೇಲೆ. ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮತ್ತು ನೆಲದ ನಡುವೆ ಸಂದಿ ಬಿದ್ದು ಗೋಡೆಯಲ್ಲಿ ಬಿರುಕೇ ಇಲ್ಲದಿದ್ದರೆ ತುಂಬಿದ ಗರಸು ಕೂತಿದೆ, ಪಾಯ ಗಟ್ಟಿಯಾಗಿದೆ. ಹದಿನೈದು ಇಪ್ಪತ್ತು ಸೆಂ.ಮೀ. ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಬೇಕಾದ ಕಡೆ ಟ್ರ್ಯಾಕ್ಟರಿನಿಂದ ಒಮ್ಮೆಲೇ ಸುರಿದು ಮಟ್ಟ ಮಾಡಿದ ಮನೆಗಳಲ್ಲಿ ಹೀಗಾಗುತ್ತದೆ. ಕೋಲಿನ ತುದಿಯಿಂದ ತಟ್ಟುತ್ತ ಹೋದರೆ ಟೊಳ್ಳಾದಲ್ಲಿ ಡಬ್ ಡಬ್ ಎಂಬ ಸದ್ದು ಕೇಳುತ್ತದೆ. ಆ ಜಾಗಕ್ಕೆ ಸೀಮೆಸುಣ್ಣದಿಂದ ಸುತ್ತುಗೆರೆ ಹಾಕಿಕೊಂಡು ಅಷ್ಟನ್ನು ಮಾತ್ರ ಎಬ್ಬಿಸಿ ಸರಿಮಾಡಬಹುದು. ಟೈಲ್ಸ್ ಎರಡು ಸೇರಿ ಗುಡಾರದಂತೆ ಎದ್ದರೆ ಅದು ಸಂದು ಬಿಡದೆ ಜೋಡಿಸಿದ್ದರಿಂದಲೋ ಅಂಟು ಬಿಟ್ಟಿದ್ದರಿಂದಲೋ ಆದದ್ದು. ಗೋಲಿ ಉರುಳಿಸಿ ನೋಡುವ ಪರೀಕ್ಷೆಯನ್ನು ನಂಬಬೇಡಿ, ತೊಳೆದ ನೀರು ಹೋಗಲೆಂದು ನೆಲಕ್ಕೆ ಇಳಿಜಾರು ಮೊದಲೇ ಕೊಟ್ಟಿರುತ್ತಾರೆ. ಎರೆ ನೆಲದಲ್ಲಿ ಮಾತ್ರ ಕೋಣೆಯ ನಡುವೆ ನೆಲ ಗುಮ್ಮಟದಂತೆ ಏರುವುದುಂಟು, ಅದಕ್ಕೆ ಹಿಂದೆ ಹೇಳಿದ ತೇವದ ಏರ್ಪಾಡೇ ಮದ್ದು.

ಗೋಡೆಯ ಬುಡದಲ್ಲಿ ತೇವ, ಬಿಳಿ ಉಪ್ಪು

ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಬಣ್ಣ ಹೊಪ್ಪಳಿಕೆಯಂತೆ ಎದ್ದು, ಬೆರಳಿನಿಂದ ಒರೆಸಿದರೆ ಬಿಳಿಪುಡಿ ಹತ್ತಿದರೆ ಮಣ್ಣಿನ ತೇವ ಗೋಡೆಯನ್ನೇರುತ್ತಿದೆ. ಪ್ಲಿಂತ್ (ಹೊರನೆಲಕ್ಕಿಂತ ಮೇಲೆ ಕಾಣುವ ಪಾಯದ ಭಾಗ) ಮಟ್ಟದಲ್ಲಿ ಹಾಕಬೇಕಾದ ತೇವತಡೆ ಪದರ ಇಲ್ಲದಿರಬಹುದು, ಅಥವಾ ಹೊರಗೆ ರಸ್ತೆ, ಅಂಗಳ ಏರಿಸುತ್ತ ಹೋಗಿ ಮಣ್ಣು ಆ ಪದರಕ್ಕಿಂತ ಮೇಲೆ ಬಂದಿರಬಹುದು. ಎರಡನೆಯದಾದರೆ ಮಣ್ಣು ತೆಗೆದು ಒಂದು ಗೇಣು ಪ್ಲಿಂತ್ ಹೊರಗೆ ಕಾಣುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಇದು ಪಾಯ ಕುಸಿಯುವ ಲಕ್ಷಣವಲ್ಲ. ತೇವ ಒಂದೇ ಕಡೆ, ಒಂದೇ ಎತ್ತರದಲ್ಲಿ ಮಚ್ಚೆಯಂತೆ ಇದ್ದರೆ ಅಲ್ಲಿ ಪೈಪ್ ಸೋರುತ್ತಿದೆ.

ಪಕ್ಕದ ಸೈಟಿನಲ್ಲಿ ಅಗೆಯುತ್ತಿದ್ದಾರೆ. ನಮ್ಮ ಮೇಲೆ ಇನ್ನೊಂದು ಮಹಡಿ ಬರಬೇಕಿದೆ

ಬೆಂಗಳೂರಿನ ಇಕ್ಕಟ್ಟಾದ ಸೈಟುಗಳಲ್ಲಿ ಪಾಯಕ್ಕೆ ದೊಡ್ಡ ಅಪಾಯ ಬರುವುದು ಹೆಚ್ಚಾಗಿ ನೆರೆಯ ನೆಲಮಾಳಿಗೆಯ ಗುಂಡಿಯಿಂದ. ಲೆಕ್ಕ ಸರಳವಾಗಿದೆ. ಅವರ ಗುಂಡಿ ನಿಮ್ಮ ಪಾಯದ ತಳಕ್ಕಿಂತ ಎಷ್ಟು ಹೆಚ್ಚು ಆಳವೋ ಕನಿಷ್ಠ ಅಷ್ಟು ದೂರದಲ್ಲಿ ಇರಬೇಕು. ಅದಕ್ಕಿಂತ ಹತ್ತಿರವಿದ್ದರೆ ನಿಮ್ಮ ಗೋಡೆಯ ಭಾರ ಹೊತ್ತ ಮಣ್ಣೇ ಗುಂಡಿಗೆ ಜಾರಬಹುದು, ಅಂಥಲ್ಲಿ ಆಸರೆ ಗೋಡೆ ಕಟ್ಟದೆ ಅಗೆಯಕೂಡದು. ಜೆಸಿಬಿ ಬರುವ ಮೊದಲೇ ನಿಮ್ಮ ಮನೆಯ ಪ್ರತಿ ಗೋಡೆಯ ಚಿತ್ರವನ್ನು ತಾರೀಖು ಸಮೇತ ತೆಗೆದಿಟ್ಟುಕೊಂಡು, ನೆರೆಯವರಿಗೂ ಪಾಲಿಕೆ ಅಥವಾ ಪಂಚಾಯಿತಿಗೂ ಬರವಣಿಗೆಯಲ್ಲಿ ತಿಳಿಸಿ. ಬಾಯಿಮಾತಿನ ಭರವಸೆ ಗೋಡೆ ಬಿರಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಅಗೆತ ನಡೆಯುವಾಗ ಹೊಸ ಬಿರುಕು ಕಂಡರೆ ಅಂದೇ ಕೆಲಸ ನಿಲ್ಲಿಸಲು ಕೇಳಬೇಕು, ಗುಂಡಿಗೆ ಮಣ್ಣು ಮರಳಿ ತುಂಬಿಸುವುದು ಎಲ್ಲಕ್ಕಿಂತ ಬೇಗನೆ ಆಗುವ ಆಸರೆ.

ಹಳೆಯ ಪಾಯದ ಮೇಲೆ ಹೊಸ ಮಹಡಿ ಏರಿಸುವವರು "ಪಾಯ ಗಟ್ಟಿಮುಟ್ಟಾಗಿದೆ" ಎಂಬ ಮಾತಿಗೆ ನಿಲ್ಲಬಾರದು. ಓದಿಗೆ, ಸಂಸಾರಕ್ಕೆ, ಸಂಸ್ಥೆಗೆ ಬುನಾದಿ ಗಟ್ಟಿಯಿರಬೇಕೆಂದು ಹೇಳುವಾಗಲೂ ನಾವು ಬುನಾದಿಯನ್ನೇ ಕೊನೆಯದೆಂದು ಎಣಿಸುತ್ತೇವೆ, ಅದರ ಕೆಳಗಿನ ನೆಲ ಯಾವುದು, ಅದು ಎಷ್ಟು ಹೊತ್ತೀತು ಎಂದು ಕೇಳುವುದಿಲ್ಲ. ಒಂದು ಅಂತಸ್ತಿಗೆಂದು ಅಗಲ ಲೆಕ್ಕಹಾಕಿದ ಪಾಯದ ಮೇಲೆ ಎರಡು ಬಂದರೆ ಕಲ್ಲು ಒಡೆಯುವುದಿಲ್ಲ, ಮಣ್ಣು ಸೋಲುತ್ತದೆ. ಎಂಜಿನಿಯರ್ ಮುಂದೆ ನಿಂತು, ಗೋಡೆಯ ಪಕ್ಕ ಒಂದು ಮೀಟರ್ ಉದ್ದದ ಗುಂಡಿ ತೆಗೆಸಿ, ಪಾಯದ ಆಳ, ಅಗಲ, ತಳದ ಮಣ್ಣು ಮೂರನ್ನೂ ನೋಡಿಸಿಯೇ ತೀರ್ಮಾನಿಸಬೇಕು. ಗುಂಡಿ ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು, ಎದೆಯ ಮಟ್ಟ ದಾಟಿದ ಗುಂಡಿಯೊಳಗೆ ಆಸರೆಯಿಲ್ಲದೆ ಯಾರನ್ನೂ ಇಳಿಸಬಾರದು, ಮತ್ತು ರಾತ್ರಿ ಮಳೆ ಬರುವಂತಿದ್ದರೆ ತೆರೆದಿಡಬಾರದು.

ಎಂಜಿನಿಯರ್ ಬರುವ ದಿನ

ಗೋಡೆಗೆ ತೂಗುಗುಂಡು ಹಿಡಿದು ನೋಡಿ. ಒಂದು ಅಂತಸ್ತಿನ ಎತ್ತರದಲ್ಲಿ ಒಂದು ಇಂಚಿಗಿಂತ ಹೆಚ್ಚು ವಾಲಿದ್ದರೆ ನಾನು ಯಾವ ಮನೆಯವರಿಗೂ ಮುಂದಿನ ಪರೀಕ್ಷೆ ತಾವೇ ಮಾಡಿಕೊಳ್ಳಿ ಎನ್ನಲಾರೆ. ಬಿರುಕು 5 ಮಿ.ಮೀ. ದಾಟಿ ಇನ್ನೂ ಬೆಳೆಯುತ್ತಿದ್ದರೆ, ಗಾಜು ಎರಡನೆಯ ಸಲ ಒಡೆದರೆ, ಕಂಬ ಅಥವಾ ಬೀಮಿನಲ್ಲಿ ಬಿರುಕು ಕಂಡರೆ ಆಗಲೂ ಅಷ್ಟೇ. ಅವರು ಬರುವ ಮೊದಲು ಬಿರುಕುಗಳನ್ನು ಮುಚ್ಚಿ ಮನೆ ಚಂದಗಾಣಿಸಬೇಡಿ. ಗುರುತು ಹಾಕಿದ ತಾರೀಖುಗಳು, ಯಾವ ತಿಂಗಳು ಎಷ್ಟು ಅಗಲವಿತ್ತೆಂಬ ಬರಹ, ಪೈಪು ಹೋದ ದಾರಿ, ಕಡಿದ ಮರ, ಮುಚ್ಚಿದ ಬಾವಿ, ಏರಿಸಿದ ಅಂಗಳ, ಇವುಗಳ ಪಟ್ಟಿ ಕೊಟ್ಟರೆ ಅವರ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮಣ್ಣು ಪರೀಕ್ಷೆ ಬೇಕೆಂದರೆ ಆ ಹಣವನ್ನು ಉಳಿಸಲು ಹೋಗಬೇಡಿ, ಇಡೀ ದುರಸ್ತಿಯಲ್ಲಿ ಅದೇ ಸಣ್ಣ ಖರ್ಚು.

ಅವರು ಹೇಳುವ ಪರಿಹಾರ ಗೋಡೆಯನ್ನು ಮುಟ್ಟದೆ ಬರೀ ನೆಲದ ಕೆಲಸವಾಗಿದ್ದರೆ ಅನುಮಾನ ಪಡಬೇಕಾಗಿಲ್ಲ. ಇಟಲಿಯ ಪೀಸಾ ನಗರದ ವಾಲುಗೋಪುರವನ್ನು 1173ರಲ್ಲಿ ಮೆತ್ತನೆಯ ಜೇಡಿ ನೆಲದ ಮೇಲೆ ಕಟ್ಟತೊಡಗಿದರು. ಕೆಲವೇ ವರ್ಷಗಳಲ್ಲಿ ಅದು ಓಲತೊಡಗಿತು; ಮೂರನೆಯ ಅಂತಸ್ತಿನ ನಂತರ ಸುಮಾರು ಒಂದು ಶತಮಾನ ಕೆಲಸ ನಿಂತಿತು, ಆ ಬಿಡುವಿನಲ್ಲಿ ಮಣ್ಣು ಒತ್ತಿ ಗಟ್ಟಿಯಾದ್ದರಿಂದಲೇ ಗೋಪುರ ಉಳಿಯಿತು. 1990ರಲ್ಲಿ ಬೀಳುವ ಭಯದಿಂದ ಬಾಗಿಲು ಮುಚ್ಚಿದಾಗ ಎಂಜಿನಿಯರುಗಳು ಕೊನೆಗೆ ಕಂಡುಕೊಂಡ ದಾರಿಯೆಂದರೆ, ಇಳಿದಿದ್ದ ದಕ್ಷಿಣದ ಕಡೆಯನ್ನು ಎತ್ತುವ ಬದಲು ಎದುರಿನ ಉತ್ತರದ ಕಡೆಯ ಪಾಯದ ಕೆಳಗಿಂದ ಓರೆಯಾಗಿ ಕೊಳವೆ ಕೊರೆದು ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆಯುವುದು. ದಿನದಿನಕ್ಕೆ ಅಳೆಯುತ್ತ, ಅಳತೆ ನೋಡಿ ಮರುದಿನದ ಕೆಲಸ ನಿರ್ಧರಿಸುತ್ತ ಹೋದರು. ಗೋಪುರದ ತುದಿ 40 ಸೆಂ.ಮೀ.ಗೂ ಹೆಚ್ಚು ಹಿಂದಕ್ಕೆ ಸರಿಯಿತು, 2001ರಲ್ಲಿ ಬಾಗಿಲು ಮತ್ತೆ ತೆರೆಯಿತು.